ಜಾಗ ಉಳಿಸುವುದೆಂದರೆ ತುರುಕುವುದಲ್ಲ

ಐಟಿ ಕೆಲಸ ಎಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಲ್ಯಾಪ್‌ಟಾಪ್ ಮತ್ತು ಕೋಡಿಂಗ್. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಡಿಪ್ಲೊಮಾ, ಐಟಿಐ ಓದಿದವರಿಗೂ ಸಿಗುವ ಸಲಹೆ ಒಂದೇ: ‘ಯಾವುದಾದರೂ ಸಾಫ್ಟ್‌ವೇರ್ ಕೋರ್ಸ್ ಮಾಡಿಕೋ’. ಆದರೆ ನಾವು ಬಳಸುವ ಆ್ಯಪ್‌ಗಳ ಕೋಡ್ ಬಹುಪಾಲು ಓಡುವುದು ಡೇಟಾ ಸೆಂಟರ್‌ಗಳಲ್ಲಿ, ಉಕ್ಕಿನ ಚೌಕಟ್ಟುಗಳೊಳಗೆ ಒಂದರ ಮೇಲೊಂದು ಜೋಡಿಸಿದ ಸರ್ವರ್‌ಗಳಲ್ಲಿ. ಆ ಚೌಕಟ್ಟೇ ರ‍್ಯಾಕ್. ಕಡಿಮೆ ಜಾಗದಲ್ಲಿ ಹೆಚ್ಚು ಕೆಲಸ ಮಾಡುವ ರ‍್ಯಾಕ್ ರೂಪಿಸಲು ಲೋಹ, ಗಾಳಿ ಮತ್ತು ವಿದ್ಯುತ್ತಿನ ಲೆಕ್ಕ ಬಲ್ಲವರು ಬೇಕು.

ಸಾಮಾನ್ಯ ರ‍್ಯಾಕ್‌ನಲ್ಲಿ ಕೂರುವ ಉಪಕರಣದ ಅಗಲ 19 ಇಂಚು. ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ರಿಲೇಗಳನ್ನು ಜೋಡಿಸುತ್ತಿದ್ದ ಕಾಲದಿಂದ ಬಂದ ಅಳತೆ ಇದು. ಎತ್ತರವನ್ನು ‘ಯು’ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಯು ಎಂದರೆ 44.45 ಮಿ.ಮೀ. 42 ಯು ರ‍್ಯಾಕ್‌ನಲ್ಲಿ ಉಪಕರಣಗಳಿಗೆ ಸಿಗುವ ಎತ್ತರ ಸುಮಾರು 1.87 ಮೀಟರ್, ಅಂದರೆ ಆಳೆತ್ತರ.

ಹಾಗಾದರೆ ತೆಳ್ಳನೆಯ 42 ಸರ್ವರ್ ತುಂಬಿಬಿಟ್ಟರೆ ಜಾಗ ಉಳಿಯಿತಲ್ಲವೇ? ಅಲ್ಲೇ ಇರುವುದು ತೊಡಕು. ಸರ್ವರ್‌ಗೆ ಹೋದ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿ ಹೊರಬರುತ್ತದೆ. ರ‍್ಯಾಕ್ 10 ಕಿಲೋವ್ಯಾಟ್ ಬಳಸಿದರೆ ಅಷ್ಟೇ ಬಿಸಿಯನ್ನು ಹೊರಗೆ ಸಾಗಿಸಬೇಕು. ಮನೆಯ 1.5 ಟನ್ ಎ.ಸಿ. ತೆಗೆಯುವುದು ಸುಮಾರು 5 ಕಿಲೋವ್ಯಾಟ್ ಬಿಸಿಯನ್ನು. ಅಂದರೆ ಒಂದು ರ‍್ಯಾಕ್‌ಗೆ ಅಂಥ ಎರಡು ಎ.ಸಿ. ಬೇಕು! ಸರ್ವರ್ ಒತ್ತೊತ್ತಾಗಿ ಇಟ್ಟು, ತಂಪಿಗೆ ಪಕ್ಕದಲ್ಲಿ ಇನ್ನಷ್ಟು ಯಂತ್ರ ನಿಲ್ಲಿಸಿದರೆ ಉಳಿದ ಜಾಗ ಎಲ್ಲಿ?

ಇದಕ್ಕೆ ಜಾಣ ಉತ್ತರವೊಂದು ಓಪನ್ ಕಂಪ್ಯೂಟ್ ಯೋಜನೆಯಲ್ಲಿದೆ. ಫೇಸ್‌ಬುಕ್ 2011ರಲ್ಲಿ ತನ್ನ ಸರ್ವರ್ ವಿನ್ಯಾಸಗಳನ್ನು ಎಲ್ಲರಿಗೂ ತೆರೆದಿಟ್ಟು ಇದನ್ನು ಶುರು ಮಾಡಿತು. ಅಲ್ಲಿ ರೂಪುಗೊಂಡ ‘ಓಪನ್ ರ‍್ಯಾಕ್’ ನೆಲದ ಮೇಲೆ ಹಿಡಿಯುವ ಅಗಲ ಹಳೆಯ 600 ಮಿ.ಮೀ. ಮಾತ್ರ. ಆದರೆ ಒಳಗೆ ಉಪಕರಣಕ್ಕೆ 19ರ ಬದಲು 21 ಇಂಚು ಸಿಗುತ್ತದೆ. ಹೀಗಾಗಿ ಮೂರು ಮದರ್‌ಬೋರ್ಡ್ ಅಕ್ಕಪಕ್ಕ ಕೂರುತ್ತವೆ. ಪ್ರತಿ ಸರ್ವರ್‌ಗೂ ಬೇರೆ ಪವರ್ ಸಪ್ಲೈ ಇಲ್ಲ. ಇಡೀ ರ‍್ಯಾಕ್‌ಗೆ ಹಂಚಿಕೊಂಡ ಪವರ್ ಶೆಲ್ಫ್‌ನಿಂದ ಹಿಂಬದಿಯ ಲೋಹದ ಪಟ್ಟಿಯ ಮೂಲಕ ವಿದ್ಯುತ್ ಬರುತ್ತದೆ. ಸ್ವಾರಸ್ಯವೆಂದರೆ, ಒಂದು ಅಂತಸ್ತಿನ ಎತ್ತರವನ್ನು ತಗ್ಗಿಸುವ ಬದಲು 48 ಮಿ.ಮೀ.ಗೆ ಏರಿಸಿದರು. ಗಾಳಿ ಸಲೀಸಾಗಿ ಹರಿಯಲಿ ಎಂದು. ರಿಪೇರಿಯೂ ಮುಂಬದಿಯಿಂದಲೇ, ತಂತ್ರಜ್ಞ ಹಿಂದಿನ ಬಿಸಿಗಾಳಿಯಲ್ಲಿ ನಿಂತು ಬೇಯಬೇಕಿಲ್ಲ.

ಈಗ ಎಐ ಬಂದು ಲೆಕ್ಕವನ್ನು ಇನ್ನೂ ಬಿಗಿ ಮಾಡಿದೆ. ಎನ್‌ವಿಡಿಯಾ 2024ರಲ್ಲಿ ಪ್ರಕಟಿಸಿದ ಎನ್‌ವಿಎಲ್72 ವ್ಯವಸ್ಥೆಯಲ್ಲಿ 72 ಜಿಪಿಯುಗಳು ಒಂದೇ ರ‍್ಯಾಕ್‌ನಲ್ಲಿವೆ. ಅದು ಬಳಸುವ ವಿದ್ಯುತ್ ಸುಮಾರು 120 ಕಿಲೋವ್ಯಾಟ್, ಮನೆಯ ಎ.ಸಿ. ಲೆಕ್ಕದಲ್ಲಿ 20ಕ್ಕೂ ಹೆಚ್ಚು! ಇಷ್ಟು ಬಿಸಿಯನ್ನು ಫ್ಯಾನ್ ಗಾಳಿಯೊಂದೇ ಹೊರಹಾಕಲಾರದು. ಚಿಪ್‌ಗಳಿಗೆ ಅಂಟಿದ ತಟ್ಟೆಗಳೊಳಗೆ ದ್ರವ ಹರಿಸಲಾಗುತ್ತದೆ. ತೂಕವೂ ಒಂದು ಟನ್ ಮೀರುವುದರಿಂದ ನೆಲ ಅದನ್ನು ಹೊರುತ್ತದೆಯೇ ಎಂದು ಸಿವಿಲ್ ಎಂಜಿನಿಯರ್ ಕೂಡ ನೋಡಬೇಕು.

ಪೈಪ್, ಪಂಪ್, ತಾಮ್ರದ ಪಟ್ಟಿ, ಶೀಟ್ ಮೆಟಲ್, ವೆಲ್ಡಿಂಗ್, ಎ.ಸಿ. ಇವೆಲ್ಲ ನಮ್ಮ ಪಾಲಿಟೆಕ್ನಿಕ್ ಮತ್ತು ಐಟಿಐಗಳಲ್ಲಿ ಕಲಿಸುವ ವಿದ್ಯೆಗಳೇ. ಪೀಣ್ಯದಲ್ಲಿ ಶೀಟ್ ಮೆಟಲ್ ಕೆಲಸದ ಸಣ್ಣ ಕೈಗಾರಿಕೆಗಳಿವೆ, ಮುಂಬೈ ಮತ್ತು ಚೆನ್ನೈನಲ್ಲಿ ದೊಡ್ಡ ಡೇಟಾ ಸೆಂಟರ್‌ಗಳಿವೆ. ಕೊರತೆಯಿರುವುದು, ಈ ವಿದ್ಯೆಗೂ ಆ ಕೆಲಸಕ್ಕೂ ನಂಟಿದೆ ಎಂದು ವಿದ್ಯಾರ್ಥಿಗೆ ತೋರಿಸಿಕೊಡುವುದರಲ್ಲಿ. ಕೋರ್ ಬ್ರಾಂಚ್ ಓದಿದವರಿಗೆ ಐಟಿಯಲ್ಲಿ ಜಾಗವಿಲ್ಲ ಎಂಬ ಮಾತನ್ನು ನಾವು ಇಷ್ಟು ಸುಲಭವಾಗಿ ಒಪ್ಪಿಕೊಳ್ಳಬೇಕಿಲ್ಲ.

ಕಾಲೇಜುಗಳಿಗೆ ಒಂದು ಮನವಿ. ಗುಜರಿಗೆ ಹೋಗುವ ಹಳೆಯ ಸರ್ವರ್ ಮತ್ತು ರ‍್ಯಾಕನ್ನು ಲ್ಯಾಬ್‌ಗೆ ತನ್ನಿ. ನಡುವಿನ ಖಾಲಿ ಅಂತಸ್ತನ್ನು ತೆರೆದಿಟ್ಟು ಉಷ್ಣಾಂಶ ಅಳೆಯಲಿ. ಆಮೇಲೆ ಅದನ್ನು ತಗಡಿನಿಂದ ಮುಚ್ಚಿ ಮತ್ತೆ ಅಳೆಯಲಿ. ಹಿಂದಿನ ಬಿಸಿಗಾಳಿ ಮುಂದಕ್ಕೆ ಮರಳುವುದನ್ನು ಒಂದು ತಗಡಿನ ತುಂಡು ತಡೆಯುತ್ತದೆಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಕೂಡಿ ಮಾಡಬಹುದಾದ ಅಂತಿಮ ವರ್ಷದ ಪ್ರಾಜೆಕ್ಟ್ ಇದು. ಸಂದರ್ಶನದಲ್ಲಿ ‘ಏನು ಮಾಡಿದ್ದೀರಿ’ ಎಂದು ಕೇಳಿದಾಗ ಅಳೆದ ಅಂಕಿಗಳನ್ನೇ ಮುಂದಿಡಬಹುದು.