ಹಿತ್ತಲ ಮದ್ದಿನ ಮೇರೆ

ಬದುವಿನಲ್ಲಿ ಹುಲ್ಲು ಕೊಯ್ಯುವಾಗ ಕುಡುಗೋಲು ಜಾರಿ ಬೆರಳು ಗೀರಿತೆಂದರೆ, ನಮ್ಮ ಹಳ್ಳಿಯ ಹೆಣ್ಣುಮಗಳು ಕಾಲಬುಡದಲ್ಲೇ ಹಬ್ಬಿರುವ ಗಬ್ಬುಸಣ್ಣ ಶಾವಂತಿಗೆಯ ನಾಲ್ಕಾರು ಎಲೆ ಕಿತ್ತು, ಹಸಿರು ರಸ ಒಸರುವವರೆಗೆ ಅಂಗೈಯಲ್ಲಿ ಹೊಸಕಿ, ಗಾಯದ ಮೇಲೆ ಹಿಂಡಿ, ಉಳಿದ ಹಿಪ್ಪೆಯನ್ನು ಅಲ್ಲಿಯೇ ಒತ್ತಿ ಹಿಡಿದು, ನೆತ್ತರು ನಿಂತ ಮೇಲೆ ಮತ್ತೆ ಕೊಯ್ಲಿಗೆ ಬಾಗುತ್ತಾಳೆ. ಬಿರುಸು ರೋಮದ ಎಲೆ, ನೀಳವಾದ ತೊಟ್ಟಿನ ತುದಿಯಲ್ಲಿ ಹಳದಿ ನಡುವಿನ ಪುಟ್ಟ ಹೂವುಳ್ಳ ಈ ಗಿಡದ ಮೂಲ ಅಮೆರಿಕ ಖಂಡದ ಉಷ್ಣ ಪ್ರದೇಶವಾದುದರಿಂದ, ಚರಕ ಸುಶ್ರುತಾದಿಗಳು ಇದನ್ನು ಕಂಡಿರಲು ಸಾಧ್ಯವಿಲ್ಲ. ಕರಾವಳಿಯಲ್ಲಿ ಕಮ್ಯುನಿಸ್ಟ್ ಗಿಡವೆಂದು ಕರೆಯಿಸಿಕೊಳ್ಳುವ ಕಳೆಯೂ ಹೀಗೆಯೇ ಹೊರಗಿನಿಂದ ಬಂದು ಗಾಯದ ಮದ್ದಾಯಿತು. ಅಪರಿಚಿತವಾದ ಕಳೆಯೊಂದನ್ನು ಕಂಡು, ಪರೀಕ್ಷಿಸಿ, ಗುಣವನ್ನರಿತು ಬಳಕೆಗೆ ತಂದುಕೊಂಡ ಈ ಜನರ ಜಾಗೃತವಾದ ಬುದ್ಧಿಯೇ ನಮ್ಮ ವೈದ್ಯಪರಂಪರೆಯ ನಿಜವಾದ ಸತ್ತ್ವವೆಂದು ನಾನು ತಿಳಿಯುತ್ತೇನೆ.

ಅರಿಶಿನದ ಕಥೆ ಎಲ್ಲರೂ ಬಲ್ಲುದು. ಗಾಯ ಮಾಯಿಸಲು ಅದನ್ನು ಬಳಸುವ ಕ್ರಮಕ್ಕೆ 1995ರಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದರ ವೈದ್ಯಕೇಂದ್ರವು ಪೇಟೆಂಟ್ ಪಡೆದಾಗ, ನಮ್ಮ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಪರಿಷತ್ತು ಪ್ರಾಚೀನ ಗ್ರಂಥಗಳನ್ನೂ, 1953ರಲ್ಲಿ ಭಾರತೀಯ ವೈದ್ಯಸಂಘದ ಪತ್ರಿಕೆಯಲ್ಲಿ ಅಚ್ಚಾಗಿದ್ದ ಲೇಖನವನ್ನೂ ಮುಂದಿಟ್ಟು ವಾದಿಸಿದ ಫಲವಾಗಿ, 1997ರಲ್ಲಿ ಆ ಹಕ್ಕು ರದ್ದಾಯಿತು. ಆ ಜಯ ಅಭಿಮಾನಾಸ್ಪದವಾದುದೇ ಸರಿ. ಆದರೆ ಅಂಗಡಿಯ ಪೊಟ್ಟಣದಿಂದ ಒಂದು ಚಿಟಿಕೆ ತೆಗೆದು ತೆರೆದ ಗಾಯಕ್ಕೆ ಉದುರಿಸುವ ಅವಿವೇಕಕ್ಕೆ ಅದು ಸಮರ್ಥನೆಯಾಗದು. ಬಣ್ಣಕ್ಕಾಗಿ ಸೀಸದ ಕ್ರೋಮೇಟನ್ನು ಬೆರೆಸಿದ ಅರಿಶಿನ ಪೇಟೆಯಲ್ಲಿ ಸಿಕ್ಕಿಬಿದ್ದಿರುವುದು ಅನೇಕ ಸಲ. ನಮ್ಮ ಅಜ್ಜಿಯರು ಬಳಸುತ್ತಿದ್ದುದು ಮನೆಯ ಕೊಂಬನ್ನು, ತೊಳೆದ ಸಾಣೆಕಲ್ಲಿನ ಮೇಲೆ ಆಗಿಂದಾಗ್ಗೆ ತೇದು ತೆಗೆದ ಗಂಧವನ್ನು.

ಸುಶ್ರುತಸಂಹಿತೆಯು ವ್ರಣಚಿಕಿತ್ಸೆಗೆ 60 ಉಪಕ್ರಮಗಳನ್ನು ಎಣಿಸುತ್ತದೆ. ಅವುಗಳಲ್ಲಿ ಲೇಪವಿರುವಂತೆ ಕಷಾಯದಿಂದ ತೊಳೆಯುವುದೂ, ಕಟ್ಟುವುದೂ, ಹೊಲಿಯುವುದೂ, ಶಸ್ತ್ರದಿಂದ ಛೇದಿಸುವುದೂ ಇವೆ. ಶುದ್ಧವ್ರಣವೆಂದೂ ದುಷ್ಟವ್ರಣವೆಂದೂ ಭೇದವನ್ನು ಕಲ್ಪಿಸಿದ ಶಾಸ್ತ್ರವು ಎಲ್ಲ ಗಾಯಕ್ಕೂ ಒಂದೇ ಸೊಪ್ಪೆಂದು ಹೇಳುವುದು ಹೇಗೆ ಸಾಧ್ಯ? ಹಿತ್ತಲ ಮದ್ದಿಗೆ ಮೇರೆಯುಂಟೆಂಬುದನ್ನು ಪರಂಪರೆ ತಾನಾಗಿಯೇ ಅರಿತಿತ್ತು. ಅದನ್ನು ಮರೆತವರು ನಾವು.

ಈ ಮರೆವಿನಿಂದಾಗುವ ಅನರ್ಥ ಅಲ್ಪವಲ್ಲ. ರಕ್ತ ನಿಲ್ಲಲೆಂದು ಸಗಣಿ, ಮಣ್ಣು, ಒಲೆಯ ಬೂದಿಯನ್ನು ಗಾಯಕ್ಕೆ ಮೆತ್ತುವವರು ಇಂದಿಗೂ ಇದ್ದಾರೆ. ಧನುರ್ವಾಯುವಿನ ಬೀಜಾಣುಗಳು ವರ್ಷಗಟ್ಟಲೆ ಸಾಯದೆ ಅಡಗಿರುವುದು ಮಣ್ಣಿನಲ್ಲಿ, ದನಕುದುರೆಗಳ ಸಗಣಿ ಲದ್ದಿಗಳಲ್ಲಿ. ಗಾಳಿಯಾಡದ ಆಳವಾದ ಗಾಯವನ್ನು ಹೊಕ್ಕಾಗ ಅವು ಮೊಳೆತು, ವಿಷವನ್ನು ನರಗಳಿಗೆ ಏರಿಸಿ, ದವಡೆ ಕಚ್ಚಿಸಿ, ಮೈಯನ್ನು ಬಿಲ್ಲಿನಂತೆ ಬಾಗಿಸುತ್ತವೆ. ಬಾಣಂತಿಯರನ್ನೂ ಹಸುಳೆಗಳನ್ನೂ ಕೊಲ್ಲುತ್ತಿದ್ದ ಇದೇ ವ್ಯಾಧಿ 2015ರ ವೇಳೆಗೆ ಭಾರತದಲ್ಲಿ ಅವರ ಪಾಲಿಗೆ ನಿರ್ಮೂಲನೆಯ ಮಟ್ಟಕ್ಕಿಳಿದುದು ಲಸಿಕೆಯಿಂದ, ಶುಚಿಯಾದ ಹೆರಿಗೆಯಿಂದ. ಹೊಸ ಗಿಡವನ್ನು ಪರೀಕ್ಷಿಸಿ ಒಪ್ಪಿಕೊಂಡ ಹಿರಿಯರ ವಂಶದವರು ಲಸಿಕೆಯನ್ನು ಪರಕೀಯವೆಂದು ದೂರವಿಡುವುದು ಆ ಹಿರಿಯರಿಗೆ ಸಲ್ಲಿಸುವ ಗೌರವವಾಗಲಾರದು.

ಆದುದರಿಂದ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ತರಚುಗಾಯವಾದರೂ ಮೊದಲು ಹರಿಯುವ ನೀರಿನಲ್ಲಿ ಸಾಬೂನಿನಿಂದ ತೊಳೆಯಿರಿ. ಆಮೇಲೆ ತೊಳೆದ ಎಲೆಯ ರಸವನ್ನೋ ತೇದ ಅರಿಶಿನವನ್ನೋ ಹಚ್ಚುವುದು ಮೇಲ್ಚರ್ಮದ ಗೀರಿಗೆ ಮಾತ್ರವಿರಲಿ. ಮೊಳೆ ಚುಚ್ಚಿದರೆ, ಗಾಯ ಆಳವಾಗಿದ್ದರೆ, ಸಕ್ಕರೆಕಾಯಿಲೆಯವರ ಪಾದ ಒಡೆದರೆ ಮದ್ದಿನ ಗಿಡವನ್ನು ಹುಡುಕುತ್ತ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಿರಿ. ನಾಯಿ ಕಚ್ಚಿದ ಜಾಗಕ್ಕೆ ಸುಣ್ಣವನ್ನಾಗಲಿ ಮೆಣಸಿನಪುಡಿಯನ್ನಾಗಲಿ ಹಚ್ಚದೆ, 15 ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಅಂದೇ ಚುಚ್ಚುಮದ್ದು ಹಾಕಿಸಿರಿ.