ಸೈಕಲ್ಲು ಕೊಳ್ಳುವವರಲ್ಲಿ ಒಂದು ವಿನಂತಿ

ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಸೈಕಲ್ಲಿನ ಪ್ರಸ್ತಾಪವೇ ಎಂದು ಕೆಲವರಿಗೆ ಅನಿಸಬಹುದು. ತಾಳವಾಡಿ ಸೀಮೆಯ ಹಳ್ಳಿಗಳಿಂದ ಮಕ್ಕಳು ಶಾಲೆಗೆ ಬರುವ ಬಗೆಯನ್ನು ಬಲ್ಲವರು ಇದನ್ನು ಅಲ್ಪ ವಿಷಯವೆಂದು ಭಾವಿಸಲಾರರು.

ಇಂದು ಮನೆಯಲ್ಲಿಯೇ ಕುಳಿತು ಆನ್‌ಲೈನ್ ಮೂಲಕ ಸೈಕಲ್ಲನ್ನು ತರಿಸಿಕೊಳ್ಳಬಹುದು. ಇದರ ಅನುಕೂಲಗಳನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆಯ್ಕೆ ಹೆಚ್ಚು, ಬೆಲೆಯೂ ಅನೇಕ ವೇಳೆ ಕಡಿಮೆ. 2020ರಿಂದ ಅಮೆಜಾನ್, ಫ್ಲಿಪ್‌ಕಾರ್ಟ್‌ಗಳಲ್ಲಿ ಕನ್ನಡದಲ್ಲಿಯೇ ವ್ಯವಹರಿಸಲು ಸಾಧ್ಯವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಮೋಸವಾದಲ್ಲಿ ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು.

ಆದರೆ ಸೈಕಲ್ಲು ಪುಸ್ತಕದಂತೆ ಬಂದ ಕೂಡಲೇ ಉಪಯೋಗಕ್ಕೆ ಒದಗುವ ವಸ್ತುವಲ್ಲ. ಸಾಮಾನ್ಯವಾಗಿ ಅದು ಅರ್ಧಂಬರ್ಧ ಜೋಡಣೆಯಾಗಿ ಪೆಟ್ಟಿಗೆಯಲ್ಲಿ ಬರುತ್ತದೆ. ಹ್ಯಾಂಡಲ್ಲು, ಪೆಡಲುಗಳನ್ನು ಕೂಡಿಸಬೇಕು. ಬ್ರೇಕು ಹಿಡಿಯುವಂತೆ ಮಾಡಬೇಕು. ಕಡ್ಡಿಗಳನ್ನು ಬಿಗಿದು ಚಕ್ರದ ಬೆಂಡು ತೆಗೆಯಬೇಕು. ಎಡ ಪೆಡಲಿನ ಮರೆಯು ವಿರುದ್ಧ ದಿಕ್ಕಿನದೆಂದು ತಿಳಿಯದೆ ಬಲವಂತವಾಗಿ ತಿರುಗಿಸಿದರೆ ಪೆಡಲು ಕೂರುವ ತೋಳೇ ಕೆಡುತ್ತದೆ. ಮಗುವಿನ ಎತ್ತರಕ್ಕೆ ಚೌಕಟ್ಟು ಹೊಂದುವುದೇ ಎಂಬುದನ್ನು ಚಿತ್ರ ನೋಡಿ ನಿರ್ಧರಿಸುವುದೂ ಕಷ್ಟ. ಅಂಗಡಿಯಲ್ಲಾದರೆ ಮಗುವನ್ನು ಹತ್ತಿಸಿಯೇ ನೋಡಬಹುದು.

ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. 2001–02ರಲ್ಲಿ ಆರಂಭವಾದ ತಮಿಳುನಾಡು ಸರ್ಕಾರದ ಉಚಿತ ಸೈಕಲ್ ಯೋಜನೆಯಿಂದ ಬಡ ಮಕ್ಕಳಿಗೂ ಸೈಕಲ್ಲು ದೊರೆತಿದೆ. ಅವುಗಳಿಗೆ ಪಂಕ್ಚರ್ ಹಾಕುವವರು, ಕಳಚಿದ ಚೈನು ಕೂಡಿಸುವವರು ಊರಿನ ಅಂಗಡಿಯವರೇ. ಕೇವಲ ಪಂಕ್ಚರ್ ಹಾಕಿ ಅಂಗಡಿಯ ಬಾಡಿಗೆ ಕಟ್ಟಲಾಗದು. ಹೊಸ ಸೈಕಲ್ಲು ಮಾರಿದ ಲಾಭವೇ ರಿಪೇರಿಯ ಕೆಲಸವನ್ನು ನಡೆಸುವುದು. ಉಳ್ಳವರೆಲ್ಲ ಹೊರಗಿನಿಂದ ತರಿಸಿಕೊಂಡು ಅಂಗಡಿ ಮುಚ್ಚಿದರೆ, ಇಲ್ಲದವರ ಮಕ್ಕಳ ಸೈಕಲ್ಲು ಗೋಡೆಗೆ ಒರಗಿ ತುಕ್ಕು ಹಿಡಿಯುತ್ತದೆ. ಒಂದು ಬ್ರೇಕಿನ ರಬ್ಬರಿಗಾಗಿ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಸತ್ಯಮಂಗಲಕ್ಕೆ ಹೋಗಲು ಯಾರಿಗೆ ಸಾಧ್ಯ?

ಅಂಗಡಿಯವರಿಗೂ ಹೊಣೆಯಿದೆ. ಮುದ್ರಿತ ಬೆಲೆಗಿಂತ ಹೆಚ್ಚು ಕೇಳಬಾರದು, ರಸೀದಿ ಕೊಡಬೇಕು, ಮಾರಿದ ಸೈಕಲ್ಲನ್ನು ತಿಂಗಳ ನಂತರ ಒಮ್ಮೆ ಪರೀಕ್ಷಿಸಿಕೊಡಬೇಕು. ಊರಿನ ಅಭಿಮಾನವೊಂದನ್ನೇ ಬಂಡವಾಳ ಮಾಡಿಕೊಂಡರೆ ವ್ಯಾಪಾರ ನಿಲ್ಲದು.

ಹಳೆಯ ವಿದ್ಯಾರ್ಥಿ ಬಂಧುಗಳೇ, ಆನ್‌ಲೈನ್ ಬೆಲೆಯನ್ನು ಅವಶ್ಯವಾಗಿ ನೋಡಿರಿ. ಅದನ್ನು ಅಂಗಡಿಯವರ ಮುಂದಿಟ್ಟು ಚೌಕಾಸಿಯನ್ನೂ ಮಾಡಿರಿ. ಆಮೇಲೂ ಉಳಿಯುವ ಕೆಲವು ನೂರು ರೂಪಾಯಿಗಳ ವ್ಯತ್ಯಾಸವನ್ನು ನಷ್ಟವೆಂದು ಎಣಿಸದಿರಿ. ಪಕ್ಕದ ಮನೆಯ ಮಗುವೂ ಹೊತ್ತಿಗೆ ಸರಿಯಾಗಿ ಶಾಲೆ ಸೇರಲು ನೀವು ಸಲ್ಲಿಸಿದ ಪಾಲು ಅದು.