ಜಾರುವ ‘ಸ್ಲಿಪ್’, ಜಾರದ ‘ಸ್ಲಿಪ್’

ಪಡಿತರದ ಅಂಗಡಿಯಲ್ಲಿಯೂ ಆಸ್ಪತ್ರೆಯಲ್ಲಿಯೂ ‘ಸ್ಲಿಪ್ ತೋರಿಸಿ’ ಎನ್ನುವರು. ಶಾಲೆಯ ಇಂಗ್ಲಿಷ್ ಪಾಠದಲ್ಲಿ ಅದೇ ಪದಕ್ಕೆ ‘ಜಾರು’ ಎಂದು ಅರ್ಥ ಬರೆಸುವರು. ಚೀಟಿಗೂ ಜಾರುವುದಕ್ಕೂ ಏನು ನಂಟೆಂದು ಮಕ್ಕಳು ಕೇಳಿದರೆ, ‘ಕಾಗದ ಕೈಯಿಂದ ಜಾರುತ್ತದೆಯಲ್ಲ, ಅದಕ್ಕೇ’ ಎಂದು ಸಮಾಧಾನ ಹೇಳುವ ಉಪಾಧ್ಯಾಯರುಂಟು. ಈ ಸಮಾಧಾನವನ್ನು ನಾವು ಒಪ್ಪಲಾರೆವು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಮೂರು ನುಡಿಗಳ ನಡುವೆ ಬೆಳೆಯುವ ನಮ್ಮ ಜತ್ತ, ಅಕ್ಕಲಕೋಟೆಗಳ ಮಕ್ಕಳಲ್ಲಿ, ಒಂದು ಪದಕ್ಕೆ ಒಂದೇ ಅರ್ಥವೆಂಬ ನಂಬಿಕೆ ಬೇರೂರಿದರೆ, ಮುಂದಿನ ತರಗತಿಗಳಲ್ಲಿ ಓದಿದ ವಾಕ್ಯವೇ ತಿಳಿಯದಾಗುತ್ತದೆ.

ಉಚ್ಚಾರಣೆ ಒಂದೇ ಆದರೂ ಮೂಲ ಒಂದಲ್ಲ. ಜಾರುವ ಅರ್ಥದ ಕ್ರಿಯಾಪದವು ಮಧ್ಯಯುಗದ ಉತ್ತರ ಜರ್ಮನಿಯ ಆಡುನುಡಿಯಿಂದ ಇಂಗ್ಲಿಷಿಗೆ ಬಂದುದೆಂದು ವಿದ್ವಾಂಸರ ಅಭಿಪ್ರಾಯ. ಕಾಲು ಸಲೀಸಾಗಿ ಜಾರಿ ಒಳಹೋಗುವ ಪಾದರಕ್ಷೆ ‘ಸ್ಲಿಪ್ಪರ್’ ಆದದ್ದು ಇದರಿಂದಲೇ. ಚೀಟಿಯ ‘ಸ್ಲಿಪ್’ ಬಂದದ್ದು ಅದೇ ಸೀಮೆಯ ಮತ್ತೊಂದು ಪದದಿಂದ. ಅದರ ಅರ್ಥ ಸೀಳು, ಕತ್ತರಿಸಿದ ತುಂಡು. ನೆಡಲೆಂದು ಕತ್ತರಿಸಿದ ಗಿಡದ ಕಡ್ಡಿಯೂ ಸ್ಲಿಪ್ಪೇ, ಉದ್ದಕ್ಕೆ ಸೀಳಿದ ಕಾಗದವೂ ಸ್ಲಿಪ್ಪೇ. ನಾವು ದಾಸವಾಳದ ಕಡ್ಡಿ ನೆಡುವುದಿಲ್ಲವೆ? ತೆಳ್ಳಗಿನ ಹುಡುಗಿಯನ್ನು ಇಂಗ್ಲಿಷರು ‘ಸ್ಲಿಪ್’ ಎಂದರೆ ಅವಳು ಜಾರಿದವಳೆಂದಲ್ಲ, ಕಡ್ಡಿಯಂಥವಳೆಂದು!

ಇನ್ನೊಂದು ಕುಂಬಾರರದು. ನೀರಿನಲ್ಲಿ ಕಲಸಿ ಕೆನೆಯಂತೆ ತೆಳುವಾಗಿಸಿದ ಜೇಡಿಮಣ್ಣು ‘ಸ್ಲಿಪ್’. ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರಿನ ಕುಂಬಾರರು 17ನೆಯ ಶತಮಾನದಲ್ಲಿ ತಟ್ಟೆಗಳ ಮೇಲೆ ಇದರಿಂದ ಚಿತ್ತಾರ ಬಿಡಿಸಿ ಹೆಸರಾದರು. ಹಳೆಯ ಇಂಗ್ಲಿಷಿನಲ್ಲಿ ಲೋಳೆ, ರಾಡಿ ಎಂಬರ್ಥವಿದ್ದ ಪದವೇ ಇದರ ಮೂಲ. ಅಲ್ಲಿಯ ಹುಲ್ಲುಗಾವಲುಗಳಲ್ಲಿ ವಸಂತದಲ್ಲಿ ಅರಳುವ ‘ಕೌಸ್ಲಿಪ್’ ಎಂಬ ಹಳದಿ ಹೂವಿನ ಹೆಸರಿನಲ್ಲಿಯೂ ಅದೇ ಅಡಗಿದೆ. ನೇರವಾಗಿ ಹೇಳಿದರೆ ಸಗಣಿ. ಆಂಗ್ಲ ಕವಿಗಳು ಹಾಡಿ ಹೊಗಳಿದ ಹೂವಿಗೆ ಇಂಥ ಹೆಸರೆ ಎಂದು ಮೂಗು ಮುರಿಯುವವರು ಮುರಿಯಲಿ. ದಿನವೂ ಅಂಗಳ ಸಾರಿಸುವ ನಮ್ಮ ತಾಯಂದಿರು ಮುರಿಯಲಾರರು.

ಇಂತಹ ಸೋಜಿಗ ನಮ್ಮ ನುಡಿಯಲ್ಲಿಯೂ ಉಂಟು. ‘ಆದೇಶ ಜಾರಿಯಾಯಿತು’ ಎಂದರೆ ಆದೇಶವು ಜಾರಿ ಬಿದ್ದಿತೆಂದೇ? ಆ ‘ಜಾರಿ’ ಅರಬ್ಬಿಯಿಂದ ಪಾರಸಿಯ ಮೂಲಕ ಬಂದ, ‘ಹರಿಯುತ್ತಿರುವ, ನಡೆಯುತ್ತಿರುವ’ ಎಂಬರ್ಥದ ಪದ. ಮರಾಠಿಯಲ್ಲಿಯೂ ಅದು ಬಳಕೆಯಲ್ಲಿದೆ. ಮಕ್ಕಳಿಗೆ ಮೊದಲು ಇದನ್ನು ತಿಳಿಸಿ, ಆಮೇಲೆ ‘ಸ್ಲಿಪ್’ ಪದಕ್ಕೆ ಹೋದರೆ ಅವರು ಬೇಗ ಗ್ರಹಿಸುವರು. ಅಂದಹಾಗೆ, ಹಿಂದಿಯ ‘ಚಿಟ್ಠಿ’ಯನ್ನು ಆಂಗ್ಲರು ‘ಚಿಟ್’ ಎಂದು ತಮ್ಮ ನಿಘಂಟಿಗೆ ಸೇರಿಸಿಕೊಂಡಿದ್ದಾರೆ. ನಮ್ಮ ಕಚೇರಿಗಳಲ್ಲಿ ಮಾತ್ರ ಚೀಟಿ ಎದ್ದುಹೋಗಿ ಸ್ಲಿಪ್ ಬಂದು ಕುಳಿತಿದೆ.